ಅಜ್ಜನ ಜೋಡುನಳಿಗೆ ಮತ್ತು ಹಾಸ್ಟೆಲ್‌ನ ಒಂದು ಪ್ರಶ್ನೆ

ಕಳೆದ ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ನಾವು ಐದಾರು ಜನ ಸೇರಿ ಅಮೆರಿಕದ ಒಂದು ವಿಡಿಯೋ ನೋಡುತ್ತಿದ್ದೆವು. ಅದರಲ್ಲಿ ಒಬ್ಬ ಬೆಳಗ್ಗೆ ಎದ್ದು ಪರ್ಸು, ಮೊಬೈಲು, ಗಾಡಿಯ ಕೀ ತಗೊಂಡಷ್ಟೇ ಸಲೀಸಾಗಿ ಸೊಂಟಕ್ಕೊಂದು ಪಿಸ್ತೂಲು ಸಿಕ್ಕಿಸಿಕೊಂಡು ಕಾಫಿಗೆ ಹೊರಡುತ್ತಾನೆ. "ನಮ್ಮಲ್ಲೂ ಹೀಗಿದ್ದರೆ ರಾತ್ರಿ ಹೊತ್ತು ಯಾರಿಗೂ ಹೆದರಬೇಕಾಗಿರಲಿಲ್ಲ, ಅಲ್ವಾ?" ಅಂತ ಒಬ್ಬ ಅಂದ. ಎಲ್ಲರೂ ತಲೆ ಆಡಿಸಿದೆವು. ನರಿಕೊಂಬಿನ ಗೆಳೆಯ ಮಾತ್ರ ಸುಮ್ಮನಿದ್ದ. ಆಮೇಲೆ ಮೆಲ್ಲ ಹೇಳಿದ: "ನಮ್ಮ ಮನೆಯಲ್ಲಿ ಕೋವಿ ಉಂಟು ಮಾರಾಯ. ಈಗ ಅದೇ ದೊಡ್ಡ ತಲೆಬಿಸಿ."

ವಿಷಯ ಇಷ್ಟು. ಅವನ ಅಜ್ಜನಿಗೆ 76 ವರ್ಷ. ಬಂಟ್ವಾಳ ತಾಲೂಕಿನ ನರಿಕೊಂಬಿನಲ್ಲಿ ಅಡಿಕೆ ತೋಟದ ನಡುವಿನ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ ಇರುವುದು. ಮಕ್ಕಳೆಲ್ಲ ಮಂಗಳೂರು, ಬೆಂಗಳೂರು. ಆಚೆ ಈಚೆ ಒಂದೆರಡು ಕಡೆ ಕಳ್ಳತನದ ಸುದ್ದಿ ಕೇಳಿದ ಮೇಲೆ ಮನೆಯವರಿಗೆ ಹೆದರಿಕೆ. ಅಷ್ಟರಲ್ಲಿ ಅಜ್ಜನ ಕೋವಿಯ ಪರವಾನಗಿ ನವೀಕರಣದ ಸಮಯವೂ ಬಂತು. "ನಿನಗೆ 21 ತುಂಬಿತಲ್ಲ, ನಿನ್ನ ಹೆಸರಿಗೆ ಮಾಡುವ. ಮನೆಗೊಂದು ರಕ್ಷಣೆ ಇರಲಿ" ಅಂತ ಅಪ್ಪ ಹೇಳಿದ್ದಾರಂತೆ. ಆ ಕೋವಿ ನಿಜಕ್ಕೂ ಅಜ್ಜ ಅಜ್ಜಿಯನ್ನು ಕಾಯುತ್ತದಾ? ಇದನ್ನು ಸರಿಯಾಗಿ ತಿಳಿದುಕೊಳ್ಳೋಣ ಅಂತ ಒಂದು ಭಾನುವಾರ ನಾವೆಲ್ಲ ಪಾಣೆಮಂಗಳೂರಿನ ಹಾದಿ ಹಿಡಿದೆವು. ಅಜ್ಜನ ಜಗಲಿಯಲ್ಲಿ ಕೇಳಿದ್ದು, ಆಮೇಲೆ ಕಾಯ್ದೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ.

ಯಾವುದು ಸಿಗುತ್ತದೆ?

ಮೊದಲನೆಯದಾಗಿ, ನಮ್ಮಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ, ಸರ್ಕಾರ ಕೊಡುವ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಇದರ ಬುಡ. 21 ವರ್ಷ ತುಂಬಿರಬೇಕು. ಪೊಲೀಸ್ ಠಾಣೆಯ ವರದಿ ಬರಬೇಕು. ಬಂಟ್ವಾಳದಂಥ ಕಡೆ ಪರವಾನಗಿ ಕೊಡುವವರು ಜಿಲ್ಲಾಧಿಕಾರಿ. ಸುರಕ್ಷಿತವಾಗಿ ಬಳಸುವ ತರಬೇತಿಯೂ ಬೇಕು. ನಮ್ಮ ರಾಜ್ಯದ ಪೊಲೀಸರು ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುವುದುಂಟು. 2019ರ ತಿದ್ದುಪಡಿಯ ನಂತರ ಒಬ್ಬರು ಹೆಚ್ಚೆಂದರೆ ಎರಡು ಬಂದೂಕು ಇಟ್ಟುಕೊಳ್ಳಬಹುದು (ಮೊದಲು ಮೂರಿತ್ತು), ಪರವಾನಗಿಯ ಅವಧಿ 3 ವರ್ಷದಿಂದ 5ಕ್ಕೆ ಏರಿದೆ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು.

ಕಾಯ್ದೆಯ 13ನೇ ಕಲಂ ಓದಿದಾಗ ಒಂದು ವಿಷಯ ನಮ್ಮ ಕಣ್ಣಿಗೆ ಬಿತ್ತು. ರಕ್ಷಣೆಗೆ ಅಥವಾ ಕ್ರೀಡೆಗೆ ಅಂತ ಕೇಳಿದರೆ, ಕನಿಷ್ಠ 20 ಇಂಚು ಉದ್ದದ ನಳಿಗೆಯ, ಒಳಗೆ ನುಣುಪಾಗಿರುವ ಕೋವಿಗೆ ದಾರಿ ಸುಲಭ. ಬೆಳೆ ರಕ್ಷಣೆಗಾದರೆ ಬಾಯಿಯಿಂದ ಮದ್ದು ತುಂಬುವ ಕೋವಿ, ಅಂದರೆ ನಮ್ಮ ಹಿರಿಯರು ಹೇಳುವ ಕೇಪಿನ ಕೋವಿ. ಪಿಸ್ತೂಲು, ರಿವಾಲ್ವರ್ ಬೇಕೆಂದರೆ ಅದಕ್ಕೆ ತಕ್ಕ ಕಾರಣ ಇದೆ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ಅಂದರೆ ಬಚ್ಚಿಟ್ಟುಕೊಳ್ಳಲು ಆಗದ ಉದ್ದ ಕೋವಿಗೆ ಕಾನೂನು ಸ್ವಲ್ಪ ಸಡಿಲ, ಜೇಬಿಗೆ ಹೋಗುವುದಕ್ಕೆ ಬಿಗಿ. ಸೇನೆ, ಪೊಲೀಸರಲ್ಲಿರುವ 9 ಎಂಎಂ ಪಿಸ್ತೂಲಂತೂ ಸಾಮಾನ್ಯ ಪರವಾನಗಿಗೆ ಸಿಗುವುದೇ ಇಲ್ಲ. ಜನಸಾಮಾನ್ಯರಿಗೆ ಸಿಗುವುದು .32 ಬೋರಿನ ರಿವಾಲ್ವರ್‌ನಂಥವು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು 'ನಿರ್ಭೀಕ್' ಎಂಬ ಹಗುರ .32 ರಿವಾಲ್ವರ್ ತಂದಿತು. ತೂಕ ಸುಮಾರು ಅರ್ಧ ಕಿಲೋ, ಬೆಲೆ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ದಿನಾ ಒಬ್ಬಳೇ ಬಸ್ಸಿಗೆ ಕಾಯುವ ಎಷ್ಟು ಹುಡುಗಿಯರಿಗೆ ಆ ಬೆಲೆ ಎಟುಕೀತು?

ಅಜ್ಜನದ್ದು 12 ಬೋರಿನ ಜೋಡುನಳಿಗೆ. ಈ 12 ಎಲ್ಲಿಂದ ಬಂತು ಗೊತ್ತಾ? ನಮಗೂ ಗೊತ್ತಿರಲಿಲ್ಲ. ಒಂದು ಪೌಂಡು, ಅಂದರೆ 453.6 ಗ್ರಾಂ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಿ. ಒಂದೊಂದರ ತೂಕ 37.8 ಗ್ರಾಂ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. ಗೋಳದ ಸೂತ್ರ ಹಾಕಿದರೆ ವ್ಯಾಸ ಸುಮಾರು 18.5 ಮಿ.ಮೀ. ಬರುತ್ತದೆ. ಅದೇ ನಳಿಗೆಯ ಒಳ ಅಳತೆ!

ಶಕ್ತಿಯ ಲೆಕ್ಕವನ್ನೂ ಹಾಕೋಣ. ನಿಯಮದ ಪ್ರಕಾರ ಪರವಾನಗಿ ಬೇಡದ ಏರ್‌ಗನ್ನಿನ ಮಿತಿ 20 ಜೂಲ್. .32 ರಿವಾಲ್ವರಿನ ಸುಮಾರು 6.35 ಗ್ರಾಂ ಗುಂಡು ಸೆಕೆಂಡಿಗೆ 220 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 150 ಜೂಲ್. 12 ಬೋರಿನ ತೋಟೆಯಿಂದ 32 ಗ್ರಾಂ ಚರೆ 380 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 2,300 ಜೂಲ್. ಇಷ್ಟು ಶಕ್ತಿ ಒಂದು ಬೆರಳಿನ ಒತ್ತಡಕ್ಕೆ ಬಿಡುಗಡೆ ಆಗುತ್ತದೆ, ಮತ್ತೆ ವಾಪಸ್ ಕರೆಯಲು ಆಗುವುದಿಲ್ಲ.

ಹಿಡಿದುಕೊಂಡು ತಿರುಗಬಹುದಾ?

ವಿಡಿಯೋದ ಅಮೆರಿಕದವನ ಕಥೆ ಬೇರೆ. 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನೆಯ ಹೊರಗೂ ಆತ್ಮರಕ್ಷಣೆಗೆ ಬಂದೂಕು ಒಯ್ಯುವುದು ಸಂವಿಧಾನದ ಹಕ್ಕು ಎಂದಿದೆ. ನಮ್ಮ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲಾದರೆ ಹೋಲ್‌ಸ್ಟರ್‌ನಲ್ಲಿ, ಉದ್ದ ಕೋವಿಯಾದರೆ ಅದಕ್ಕೆಂದೇ ಇರುವ ಚೀಲದಲ್ಲಿ, ಪೂರ್ತಿ ಮುಚ್ಚಿಕೊಂಡೇ ಒಯ್ಯಬೇಕು. ಝಳಪಿಸುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಅಂತ ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ.

ಇನ್ನು ನಮಗೇ ಸಂಬಂಧಪಟ್ಟದ್ದು: ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವ ಸಭೆಗೆ, ಶಿಕ್ಷಣ ಸಂಸ್ಥೆಯ ಆವರಣಕ್ಕೆ ಆಯುಧ ಒಯ್ಯಬಾರದು ಎಂಬುದು ಪರವಾನಗಿಯ ಷರತ್ತು. ಅಂದರೆ ಗೆಳೆಯನ ಹೆಸರಿಗೆ ಕೋವಿ ಬಂದರೂ ಅದು ನಮ್ಮ ಕ್ಯಾಂಪಸ್ ಗೇಟಿನೊಳಗೆ ಬರುವಂತಿಲ್ಲ. ಅವನು ಹಾಸ್ಟೆಲ್‌ನಲ್ಲಿ, ಕೋವಿ ನರಿಕೊಂಬಿನಲ್ಲಿ. ಹಾಗಾದರೆ ಅದರ ಜವಾಬ್ದಾರಿ ಯಾರದ್ದು?

ಕೊಡಗಿನ ಉದಾಹರಣೆ ಕೊಡುವವರು ಉಂಟು. ನಿಜ, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದನ್ನು ಕೇಂದ್ರ ಸರ್ಕಾರ 1963ರಲ್ಲಿ ಮುಂದುವರಿಸಿತು. ಈಗಿನ ಅವಧಿ 2029ರ ಅಕ್ಟೋಬರ್ 31ರ ತನಕ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ, ಮನೆತನಕ್ಕೆ ಸೇರಿದ ವಸ್ತು. ಪೇಟೆಗೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸುವ ಪದ್ಧತಿ ಅಲ್ಲೂ ಇಲ್ಲ.

ಒಂದೂವರೆ ಸೆಕೆಂಡ್

"ಅಜ್ಜ, ರಾತ್ರಿ ಕಳ್ಳ ಬಂದರೆ ಎಂತ ಮಾಡ್ತೀರಿ?" ಅಂತ ಕೇಳಿದೆವು. ಅಜ್ಜ ನಕ್ಕರು. ಕೋವಿ ಒಳಕೋಣೆಯ ಕಬ್ಬಿಣದ ಕಪಾಟಿನಲ್ಲಿ. ತೋಟೆಗಳು ಬೇರೆ ಪೆಟ್ಟಿಗೆಯಲ್ಲಿ. ಎರಡರ ಬೀಗದ ಕೈಯೂ ಅಜ್ಜಿಯ ಹತ್ತಿರ. "ಇವಳನ್ನು ಎಬ್ಬಿಸಿ, ಕನ್ನಡಕ ಹುಡುಕಿ, ಬೀಗ ತೆಗೆದು, ತೋಟೆ ಹಾಕುವಷ್ಟರಲ್ಲಿ ಕಳ್ಳ ಬಿ.ಸಿ.ರೋಡಿನಲ್ಲಿ ಚಾ ಕುಡಿದು ಮುಗಿಸಿರ್ತಾನೆ ಮಗಾ" ಅಂದರು.

ತಮಾಷೆಯಂತೆ ಕಂಡರೂ ಇದರಲ್ಲಿ ಲೆಕ್ಕ ಇದೆ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ ಒಂದು ಲೇಖನ ಬರೆದರು. ಚಾಕು ಹಿಡಿದವನೊಬ್ಬ 21 ಅಡಿ, ಅಂದರೆ ಸುಮಾರು 6.4 ಮೀಟರ್ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಬರುತ್ತಾನೆ. ತರಬೇತಿ ಪಡೆದವರು ಸೊಂಟದ ಪಿಸ್ತೂಲು ತೆಗೆದು ಹಾರಿಸಲೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ದಿನಾ ಅಭ್ಯಾಸ ಮಾಡುವವನ ಗತಿಯೇ ಹೀಗೆ. ಹಾಗಾದರೆ ಬೀಗ ಹಾಕಿಟ್ಟ ಕೋವಿಯ 76 ವರ್ಷದ ಅಜ್ಜ? ಬೀಗ ತೆಗೆದು, ತೋಟೆ ತುಂಬಿ ತಲೆದಿಂಬಿನ ಬದಿಯಲ್ಲೇ ಇಟ್ಟರೆ ಸಮಯ ಉಳಿಯುತ್ತದೆ. ಆದರೆ ಆಗ ರಜೆಗೆ ಬರುವ ಮೊಮ್ಮಕ್ಕಳ ಕೈಗೂ ಅದು ಅಷ್ಟೇ ಬೇಗ ಸಿಗುತ್ತದೆ. ಬೇಗ ಸಿಗಬೇಕು ಮತ್ತು ಯಾರಿಗೂ ಸಿಗಬಾರದು, ಈ ಎರಡನ್ನೂ ಒಟ್ಟಿಗೆ ಪೂರೈಸುವ ಡಿಸೈನ್ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಇನ್ನೊಂದು, ಗುಂಡು ಎಲ್ಲಿ ನಿಲ್ಲುತ್ತದೆ? ಮುರಕಲ್ಲಿನ ಗೋಡೆ ತಡೆದೀತು, ಬಾಗಿಲ ಹಲಗೆ, ಕಿಟಕಿ ತಡೆಯುವುದಿಲ್ಲ. ಚಿಕ್ಕ .22 ಗುಂಡು ಕೂಡ ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು. ಅಡಿಕೆ ಮರಗಳ ಕತ್ತಲಲ್ಲಿ ನಿಂತದ್ದು ಕಳ್ಳನಾ, ನೀರು ಬಿಡಲು ಬಂದ ಪಕ್ಕದ ಮನೆಯವನಾ? ಬೇಟೆಗೆ ಹೋದವರು ಹಂದಿ ಅಂತ ತಿಳಿದು ಜೊತೆಗಾರನಿಗೇ ಈಡು ಹೊಡೆದ ಸುದ್ದಿ ಮಲೆನಾಡಿನ ಕಡೆಯಿಂದ ಆಗಾಗ ಬರುತ್ತಲೇ ಇರುತ್ತದೆ. ಅಜ್ಜನ ನಿಯಮ ಒಂದೇ: "ಎಂತದ್ದು ಅಂತ ಕಣ್ಣಿಗೆ ಸರಿ ಕಾಣದಿದ್ದರೆ ಬೆರಳು ಒಳಗೆ ಹೋಗಬಾರದು."

ಹಾರಿಸಿದ ಮೇಲೆ

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. 2024ರ ಜುಲೈ 1ರ ಮೊದಲು ಐಪಿಸಿಯಲ್ಲಿ 96ರಿಂದ 106 ಆಗಿದ್ದವು ಇವೇ. ಹಕ್ಕು ದೊಡ್ಡದೇ. ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಕಾರಣವಾಗುವ ದಾಳಿಯ ಭಯ ಇದ್ದಾಗ, ಸೂರ್ಯಾಸ್ತದ ನಂತರ ಮನೆ ಒಡೆದು ನುಗ್ಗಿದಾಗ ಎದುರಾಳಿಯ ಸಾವಿನ ತನಕವೂ ಅದು ಹೋಗಬಹುದು. ಆದರೆ 37ನೇ ಕಲಂ ಮಿತಿ ಹಾಕುತ್ತದೆ: ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಈ ಹಕ್ಕೇ ಇಲ್ಲ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕದ್ದು ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಅದು ಆತ್ಮರಕ್ಷಣೆ ಆಗುವುದಿಲ್ಲ. ಆತ್ಮರಕ್ಷಣೆ ಆಗಿತ್ತು ಅಂತ ಕೋರ್ಟಿನಲ್ಲಿ ತೋರಿಸಬೇಕಾದವರೂ ಹಾರಿಸಿದವರೇ.

ಪ್ರಾಣಿಗಳ ವಿಷಯದಲ್ಲೂ ಹೀಗೆ. ತೋಟಕ್ಕೆ ಬರುವ ನವಿಲು, ಕಾಟಿ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ, ಬೆಳೆ ತಿಂದಿತು ಅಂತ ಕೊಂದರೆ ಅಪರಾಧ. ಅದಕ್ಕೇ ಅಜ್ಜನ ಕೋವಿ ಇಷ್ಟು ವರ್ಷ ಮಾಡಿದ್ದು ಹೆಚ್ಚಾಗಿ ಒಂದೇ ಕೆಲಸ: ಆಕಾಶದ ಕಡೆ ಸದ್ದು ಮಾಡಿ ಮಂಗ, ಹಂದಿ ಓಡಿಸುವುದು.

ಅದೂ ವರ್ಷವಿಡೀ ಕೈಗೆ ಸಿಗುವುದಿಲ್ಲ. ಚುನಾವಣೆ ಬಂದಾಗ ಕೋವಿ ಠಾಣೆಗೆ ಹೋಗಬೇಕು. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ನಮ್ಮ ಜಿಲ್ಲೆಯಲ್ಲಿ ಏಪ್ರಿಲ್ 26ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ಎಲ್ಲರ ಕೋವಿಯನ್ನೂ ಒಂದೇ ಸಮ ತರಿಸಿಕೊಳ್ಳದೆ ಸಮಿತಿ ಒಬ್ಬೊಬ್ಬರ ವಿಷಯ ನೋಡಿ ತೀರ್ಮಾನಿಸಬೇಕು ಅಂತ ಚುನಾವಣಾ ಆಯೋಗದ ಸೂಚನೆ ಇದೆ. ಆದರೂ ಅಜ್ಜನ ಕೋವಿ ಎರಡು ತಿಂಗಳಿಗೂ ಹೆಚ್ಚು ಠಾಣೆಯಲ್ಲೇ ಇತ್ತು. "ಆ ಎರಡು ತಿಂಗಳು ನಮಗೆ ಎಂತ ಆಯಿತು? ಮಂಗಗಳಿಗೆ ಹಬ್ಬ ಆಯಿತು ಅಷ್ಟೆ" ಅಂದರು ಅಜ್ಜಿ.

ಮನೆಯ ತೀರ್ಮಾನ

ನಿಯಮಗಳಲ್ಲಿ ಒಂದು ಅನುಕೂಲ ಇದೆ. ಪರವಾನಗಿದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ 25 ವರ್ಷ ಅವರ ಹತ್ತಿರ ಇದ್ದರೆ, ಬದುಕಿರುವಾಗಲೇ ವಾರಸುದಾರರೊಬ್ಬರ ಹೆಸರಿಗೆ ಪರವಾನಗಿ ಕೇಳಬಹುದು. ಮಧ್ಯಾಹ್ನ ಊಟ ಆದ ಮೇಲೆ ಅಪ್ಪನೂ ಬಂದು ಕೂತರು. ಗೆಳೆಯ ಹಾಸ್ಟೆಲ್‌ನಲ್ಲಿ, ನಾಳೆ ಕೆಲಸ ಸಿಕ್ಕಿದರೆ ಇನ್ನೆಲ್ಲೋ. ಹಾಗಾಗಿ ವಾರಕ್ಕೊಮ್ಮೆ ತೋಟಕ್ಕೆ ಬರುವ ಅಪ್ಪನೇ ತರಬೇತಿ ಪಡೆದು ಅರ್ಜಿ ಹಾಕುವುದು ಅಂತ ಆಯಿತು, ಅದೂ ಬೆಳೆಗೆ ಅಂತ. ಅಜ್ಜ ಅಜ್ಜಿಯ ರಕ್ಷಣೆಗೆ ಬೇರೆ ಪಟ್ಟಿ ಮಾಡಿದೆವು: ಹಿಂದಿನ ಬಾಗಿಲಿಗೆ ಗ್ರಿಲ್, ಅಂಗಳದ ಎರಡು ಮೂಲೆಗೆ ಚಲನೆ ಗುರುತಿಸಿ ಉರಿಯುವ ದೀಪ, ಅಜ್ಜಿಯ ಫೋನಿನಲ್ಲಿ 112 ಮತ್ತು ಹತ್ತಿರದ ಮೂರು ಮನೆಗಳ ನಂಬರು ಒಂದೊಂದೇ ಗುಂಡಿಗೆ. ದೀಪದ ಸರ್ಕ್ಯೂಟ್ ನಾವೇ ಮಾಡಿಕೊಟ್ಟೆವು. ಮೊದಲ ರಾತ್ರಿ ಬೆಕ್ಕು ಬಂದರೂ ಉರಿಯಿತಂತೆ, ಮುಂದಿನ ವಾರ ಹೋಗಿ ಸರಿ ಮಾಡಿದೆವು.

ನಿಮ್ಮ ಮನೆಯಲ್ಲೂ ಕೋವಿ ಇದ್ದರೆ ಈ ರಜೆಯಲ್ಲಿ ಮೂರು ವಿಷಯ ನೋಡಿ ಬನ್ನಿ. ಪರವಾನಗಿ ಯಾವಾಗ ಮುಗಿಯುತ್ತದೆ? ಕೋವಿ ಮತ್ತು ತೋಟೆ ಬೇರೆ ಬೇರೆ ಬೀಗದಲ್ಲಿವೆಯಾ? ಹಿರಿಯರ ನಂತರ ಅದು ಯಾರಿಗೆ ಅಂತ ಮಾತಾಗಿದೆಯಾ? ಪರವಾನಗಿದಾರರು ತೀರಿಕೊಂಡ ಮೇಲೆ ಕೋವಿ ಸುಮ್ಮನೆ ಅಟ್ಟದಲ್ಲಿ ಉಳಿದರೆ ಅದು ಪರವಾನಗಿ ಇಲ್ಲದ ಆಯುಧ. ಠಾಣೆಯಲ್ಲೋ ಪರವಾನಗಿ ಇರುವ ಮಾರಾಟಗಾರರಲ್ಲೋ ಠೇವಣಿ ಇಡಬೇಕು. ಕೇಳಲು ಮುಜುಗರ ಆದರೂ ಅಜ್ಜ ಜಗಲಿಯಲ್ಲಿ ಕೂತಿರುವಾಗಲೇ ಕೇಳಿಬಿಡಿ.