ಹೊಸ ಕ್ರೀಮ್ ಮುಖಕ್ಕೆ ಹಚ್ಚುವ ಮುನ್ನ

ಹೊಸದೊಂದು ಕ್ರೀಮ್ ತಂದಾಗ ನಮ್ಮಲ್ಲಿ ಹೆಚ್ಚಿನವರು ಮಾಡುವ ಪರೀಕ್ಷೆ ಇಷ್ಟೇ: ಮುಂಗೈಗೆ ಒಂದು ಚುಕ್ಕೆ ಸವರುವುದು, ಹತ್ತು ನಿಮಿಷ ಕಾಯುವುದು, ಉರಿಯದಿದ್ದರೆ ಮುಖಕ್ಕೆಲ್ಲ ಹಚ್ಚಿಕೊಳ್ಳುವುದು. ಆ ಹತ್ತು ನಿಮಿಷದಲ್ಲಿ ತಿಳಿಯುವುದು ಅರ್ಧ ಸಂಗತಿ ಮಾತ್ರ. ಚರ್ಮದ ಅಲರ್ಜಿ ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ವಾರವೇ ಹಿಡಿಯುತ್ತದೆ. ಪರೀಕ್ಷೆಯೂ ಅಷ್ಟು ದಿನ ನಡೆಯಬೇಕು.

ಸೂಕ್ಷ್ಮ ಚರ್ಮ ಎಂದರೆ

ಇದು ಒಂದು ರೋಗದ ಹೆಸರಲ್ಲ. ಬೇರೆಯವರಿಗೆ ಏನೂ ಮಾಡದ ಸೋಪು, ಕ್ರೀಮು, ಬಿಸಿಲು, ಒಣಗಾಳಿಗಳಿಗೇ ಕೆಲವರ ಚರ್ಮ ಚುರುಗುಟ್ಟುತ್ತದೆ, ತುರಿಸುತ್ತದೆ, ಬಿಗಿದುಕೊಳ್ಳುತ್ತದೆ. ಚರ್ಮದ ಅತಿ ಹೊರಗಿನ ಪದರ ಮೈಯ ಬಹುಭಾಗದಲ್ಲಿ ಕಾಗದಕ್ಕಿಂತ ತೆಳು. ಅದರ ಕೋಶಗಳ ನಡುವಿನ ಕೊಬ್ಬಿನಂಶ ಒಳಗಿನ ನೀರನ್ನು ಹಿಡಿದಿಡುತ್ತದೆ, ಹೊರಗಿನ ರಾಸಾಯನಿಕಗಳನ್ನು ತಡೆಯುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ ಸುಮಾರು 5. ಸಾಮಾನ್ಯ ಬಾರ್ ಸೋಪಿನ ಪಿಎಚ್ 9ರಿಂದ 10. ದಿನಕ್ಕೆ ನಾಲ್ಕಾರು ಸಲ ಸೋಪು ಹಾಕಿ ತೊಳೆದರೆ, ಸ್ಕ್ರಬ್ ಹಿಡಿದು ಉಜ್ಜಿದರೆ ಆ ಕೊಬ್ಬಿನಂಶ ಕರಗಿ ತಡೆ ಸಡಿಲವಾಗುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ದೊಡ್ಡ ಕಾರಣವಿದೆ: ಬೆಳ್ಳಗಾಗಲು, ಕಲೆ ಹೋಗಲು ಎಂದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ಹಚ್ಚುವ ಸ್ಟೀರಾಯ್ಡ್ ಕ್ರೀಮುಗಳು. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ಅದು ಸ್ಟೀರಾಯ್ಡ್. ಮೊದಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಬಿಸಿಲು ತಾಗಿದರೆ ಉರಿಯುತ್ತದೆ, ಹಚ್ಚುವುದನ್ನು ಬಿಟ್ಟರೆ ಕೆಂಪೇರಿ ಗುಳ್ಳೆ ಏಳುತ್ತದೆ. ಇಂಥ ಕ್ರೀಮುಗಳನ್ನು ಸರ್ಕಾರ 2018ರಲ್ಲಿ ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ‘ನನ್ನದು ಸೂಕ್ಷ್ಮ ಚರ್ಮ, ಈ ಟ್ಯೂಬ್ ಒಂದೇ ಒಗ್ಗುವುದು’ ಎನ್ನುವವರ ತೊಂದರೆಗೆ ಆ ಟ್ಯೂಬೇ ಮೂಲವಾಗಿರಬಹುದು. ಅಂಥವರು ಹೊಸ ಕ್ರೀಮ್ ಹುಡುಕುವ ಮೊದಲು ಚರ್ಮವೈದ್ಯರನ್ನು ಕಾಣಬೇಕು.

ಉರಿ ಬೇರೆ, ಅಲರ್ಜಿ ಬೇರೆ

ಉರಿ ಎಂದರೆ ವಸ್ತುವಿನಿಂದ ಚರ್ಮಕ್ಕೆ ನೇರವಾಗಿ ಆಗುವ ಗಾಯ. ನಿಂಬೆರಸ, ಅಡುಗೆ ಸೋಡಾ, ಪ್ರಬಲ ಆಮ್ಲದ ಸೀರಮ್, ರೆಟಿನಾಲ್ ಇವುಗಳ ಕಾಟ ಈ ಬಗೆಯದು. ಪ್ರಮಾಣ ಹೆಚ್ಚಾದರೆ ಯಾರಿಗಾದರೂ ಆಗುತ್ತದೆ. ಸಾಮಾನ್ಯವಾಗಿ ನಿಮಿಷಗಳಲ್ಲಿ ಇಲ್ಲವೇ ಗಂಟೆಗಳಲ್ಲಿ ಗೊತ್ತಾಗುತ್ತದೆ. ಕಡಿಮೆ ಹಚ್ಚಿದರೆ, ಎರಡು ಮೂರು ರಾತ್ರಿಗೊಮ್ಮೆ ಹಚ್ಚಿದರೆ ರೆಟಿನಾಲಿನಂಥವು ಎಷ್ಟೋ ಜನರಿಗೆ ಒಗ್ಗುತ್ತವೆ.

ಅಲರ್ಜಿ ದೇಹದ ರೋಗನಿರೋಧಕ ವ್ಯವಸ್ಥೆಯ ಕೆಲಸ. ಅದು ವಸ್ತುವೊಂದನ್ನು ಮೊದಲು ಗುರುತಿಟ್ಟುಕೊಳ್ಳುತ್ತದೆ. ಇದಕ್ಕೆ ಕೆಲವರಲ್ಲಿ ಎರಡು ವಾರ ಸಾಕು, ಕೆಲವರಲ್ಲಿ ವರ್ಷಗಳೇ ಬೇಕು. ಆ ತನಕ ಚರ್ಮದ ಮೇಲೆ ಏನೂ ಕಾಣುವುದಿಲ್ಲ. ಗುರುತಾದ ಮೇಲೆ ಅದೇ ವಸ್ತು ಚೂರು ತಾಗಿದರೂ ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ತುರಿಕೆ, ಗುಳ್ಳೆ ಶುರು. ‘ವರ್ಷಗಳಿಂದ ಇದನ್ನೇ ಹಚ್ಚುತ್ತಿದ್ದೇನೆ, ಇದರಿಂದ ಹೇಗೆ ಆಗುತ್ತದೆ?’ ಎಂಬ ವಾದ ಆದ್ದರಿಂದಲೇ ನಿಲ್ಲುವುದಿಲ್ಲ.

ಅಲರ್ಜಿ ತರುವುದರಲ್ಲಿ ಮುಂದಿರುವವು ಸುಗಂಧದ್ರವ್ಯಗಳು, ಕೆಡದಂತೆ ಹಾಕುವ ರಾಸಾಯನಿಕಗಳು, ಹೇರ್ ಡೈಯಲ್ಲಿರುವ ಪಿಪಿಡಿ ಎಂಬ ಬಣ್ಣದ ರಾಸಾಯನಿಕ. ಮೀಥೈಲ್ ಐಸೋಥಯಜೋಲಿನೋನ್ ಎಂಬ ಸಂರಕ್ಷಕದಿಂದ ಅಲರ್ಜಿ ಹೆಚ್ಚಿದ್ದರಿಂದ, ಹಚ್ಚಿ ಹಾಗೇ ಬಿಡುವ ಪ್ರಸಾಧನಗಳಲ್ಲಿ ಅದನ್ನು ಬಳಸದಂತೆ ಯುರೋಪಿಯನ್ ಒಕ್ಕೂಟ 2017ರಲ್ಲಿ ತಡೆಯಿತು. ನಮ್ಮ ಮನೆಗಳಲ್ಲಾದರೆ ಕೃತಕ ಬಣ್ಣದ ಕುಂಕುಮ ಹಣೆಯಲ್ಲಿ ಕಪ್ಪು ಕಲೆ ಮೂಡಿಸುವುದುಂಟು. ಅಂಟಿಸುವ ಬಿಂದಿಯ ಗೋಂದಿನಲ್ಲಿರುವ ರಾಸಾಯನಿಕದಿಂದ ಅಲ್ಲಿ ಬಿಳಿ ಮಚ್ಚೆಯೂ ಆಗಬಹುದು. ‘ನೈಸರ್ಗಿಕ’ ಎಂದರೆ ನಿಶ್ಚಿಂತೆ ಎಂದಲ್ಲ: ಟೀ ಟ್ರೀ ಎಣ್ಣೆಯೂ ಅಲರ್ಜಿ ತರುತ್ತದೆ.

ಮನೆಯಲ್ಲಿ ಪರೀಕ್ಷೆ ಹೀಗೆ

ಒಂದು ಸಲಕ್ಕೆ ಒಂದೇ ವಸ್ತುವನ್ನು ಪರೀಕ್ಷಿಸಿ. ನಾಲ್ಕು ಒಟ್ಟಿಗೆ ಶುರುಮಾಡಿದರೆ ತಪ್ಪು ಯಾವುದರದೆಂದು ತಿಳಿಯುವುದಿಲ್ಲ.

ಮೊಣಕೈಯ ಒಳಮಡಿಕೆಯ ಹತ್ತಿರ, ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ದಿನಕ್ಕೆರಡು ಸಲ, ಏಳರಿಂದ ಹತ್ತು ದಿನ ಹಚ್ಚಿ. ಹಿಂದೆ ಅಲರ್ಜಿ ಆದವರು ಎರಡು ವಾರ ನೋಡುವುದು ಒಳ್ಳೆಯದು. ಮೇಲೆ ಪ್ಲಾಸ್ಟರ್ ಅಂಟಿಸಬೇಡಿ. ಮುಚ್ಚಿಟ್ಟರೆ ಸಾಧಾರಣ ವಸ್ತುವೂ ಸುಡಬಹುದು. ಫೇಸ್‌ವಾಶ್, ಶಾಂಪೂಗಳನ್ನು ಬಳಸುವಷ್ಟೇ ಹೊತ್ತು ಇಟ್ಟು ತೊಳೆಯಿರಿ.

ಕೈ ಸುಮ್ಮನಿದ್ದರೆ ಕಿವಿಯ ಕೆಳಗೆ ದವಡೆಯಂಚಿನಲ್ಲಿ ಮೂರು ನಾಲ್ಕು ದಿನ ಹಚ್ಚಿ ನೋಡಿ. ಮುಖದ ಚರ್ಮ ಕೈಯದಕ್ಕಿಂತ ಬೇಗ ಕೆರಳುತ್ತದೆ. ಆಮೇಲೆ ಇಡೀ ಮುಖ.

ಕೆಂಪಾಗಿದೆಯೇ ನೋಡಿ ಎನ್ನುತ್ತವೆ ಹಲವು ಸೂಚನೆಗಳು. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಬೆರಳಾಡಿಸಿ ನೋಡಿ: ತರಿತರಿ, ಒರಟು, ಬಿಸಿ ತಗಲುತ್ತದೆಯೇ? ತುರಿಕೆ ಇದೆಯೇ? ಇನ್ನೊಂದು ಕೈಗೆ ಹೋಲಿಸಿದರೆ ಆ ಜಾಗ ಕಪ್ಪಾಗಿದೆಯೇ? ಯಾವುದಾದರೊಂದು ಇದ್ದರೆ ತೊಳೆದು ನಿಲ್ಲಿಸಿ, ಫೋಟೊ ತೆಗೆದಿಡಿ, ಡಬ್ಬಿಯನ್ನು ಎಸೆಯಬೇಡಿ.

ಹೇರ್ ಡೈಗೆ ಪ್ರತಿ ಸಲವೂ ಪರೀಕ್ಷೆ ಬೇಕು. ಕಿವಿಯ ಹಿಂದೆ ಅಥವಾ ಮುಂದೋಳಿನ ಒಳಭಾಗಕ್ಕೆ ಹಚ್ಚಿ ನೋಡುವ ಕ್ರಮ, ರೆಪ್ಪೆ ಹುಬ್ಬುಗಳಿಗೆ ಹಚ್ಚಬಾರದೆಂಬ ಎಚ್ಚರಿಕೆ ಎರಡನ್ನೂ ಪಿಪಿಡಿಯಂಥ ಬಣ್ಣದ ಡೈಗಳ ಜೊತೆ ಕೊಡಬೇಕೆಂದು ಭಾರತದ ಕಾನೂನೇ ಹೇಳುತ್ತದೆ. ಪೊಟ್ಟಣದಲ್ಲಿ ಹೇಳಿದಂತೆ ಹಚ್ಚಿ ತೊಳೆದ ಮೇಲೂ ಎರಡು ದಿನ ಗಮನವಿಡಿ. ಒಮ್ಮೆ ಡೈಯಿಂದ ಮುಖ ಊದಿಕೊಂಡವರು ಮನೆಯಲ್ಲಿ ಮತ್ತೆ ಪರೀಕ್ಷೆಗೂ ಕೈಹಾಕಬಾರದು.

ಲೇಬಲ್ ಓದುವಾಗ

‘ಡರ್ಮಟಾಲಜಿಕಲಿ ಟೆಸ್ಟೆಡ್’ ಎಂಬ ಮಾತು ಎಷ್ಟು ಜನರ ಮೇಲೆ ಪರೀಕ್ಷಿಸಿದರು, ಏನು ಕಂಡರು ಎಂದು ಹೇಳುವುದಿಲ್ಲ. ‘ಹೈಪೋಅಲರ್ಜೆನಿಕ್’ ಎಂದರೂ ಅಲರ್ಜಿ ಆಗುವುದೇ ಇಲ್ಲ ಎಂಬ ಖಾತರಿಯಿಲ್ಲ. ‘ಅನ್‌ಸೆಂಟೆಡ್’ ಎಂದರೆ ವಾಸನೆ ಬಾರದಂತೆ ಇನ್ನೊಂದು ಸುಗಂಧ ಬೆರೆಸಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದನ್ನು ಆರಿಸಿ. ಘಟಕಗಳ ಪಟ್ಟಿಯಲ್ಲಿ ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಇರಬಹುದು.

ವೈದ್ಯರಲ್ಲಿ ಪ್ಯಾಚ್ ಟೆಸ್ಟ್

ತೊಂದರೆ ಮರುಕಳಿಸುತ್ತಿದ್ದರೆ ಚರ್ಮವೈದ್ಯರ ಪ್ಯಾಚ್ ಟೆಸ್ಟ್ ಬೇಕು. 1895ರಲ್ಲಿ ಚರ್ಮವೈದ್ಯ ಯೋಸೆಫ್ ಯಾಡಾಸೋನ್ ವಿವರಿಸಿದ ವಿಧಾನದ ಇಂದಿನ ರೂಪ ಇದು. ಸಂಶಯದ ರಾಸಾಯನಿಕಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತಾರೆ. ತೆಗೆದಾಗ ಒಮ್ಮೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಆ ಎರಡನೆಯ ಭೇಟಿ ತಪ್ಪಿಸಬೇಡಿ. ತಡವಾಗಿ ಏಳುವ ಅಲರ್ಜಿ ಸಿಕ್ಕಿಬೀಳುವುದು ಆಗಲೇ. ಬೆನ್ನು ನೆನೆಯಬಾರದು, ಹೆಚ್ಚು ಬೆವರಬಾರದು. ಸ್ಟೀರಾಯ್ಡ್ ಗುಳಿಗೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಅಲರ್ಜಿಗೆಂದು ಮಾಡುವ ಐಜಿಇ ರಕ್ತಪರೀಕ್ಷೆಯಿಂದ ಈ ಬಗೆಯ ಅಲರ್ಜಿ ಪತ್ತೆಯಾಗುವುದಿಲ್ಲ. ತುಟಿ, ಕಣ್ಣು ಊದಿಕೊಂಡು ಉಸಿರು ಕಟ್ಟಿದರಂತೂ ಪರೀಕ್ಷೆಯ ಮಾತಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗುಳಿಗೆ, ಮುಲಾಮುಗಳು ಎದ್ದ ಗುಳ್ಳೆಯನ್ನು ಇಳಿಸಬಲ್ಲವು. ದೇಹ ಇಟ್ಟುಕೊಂಡ ಗುರುತನ್ನು ಅಳಿಸಲಾರವು. ಪ್ಯಾಚ್ ಟೆಸ್ಟಿನಲ್ಲಿ ಸಿಕ್ಕ ರಾಸಾಯನಿಕದ ಹೆಸರನ್ನು ಲೇಬಲ್ಲಿನಲ್ಲಿ ಇರುವಂತೆಯೇ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಆ ಹೆಸರಿದೆಯೇ ಎಂದು ನೋಡುವುದೇ ಮುಂದಿನ ಚಿಕಿತ್ಸೆ.