ಚಿತ್ರ ತಡವರಿಸಿದರೆ ಮೂಲ ಕೆಟ್ಟಿತೆ?

ಮನೆಯ ಹಿರಿಯರ ಮಾತನ್ನೂ ಹಾಡನ್ನೂ ಮೊಬೈಲಿನಲ್ಲಿ ಸೆರೆಹಿಡಿಯುವ ಅಭ್ಯಾಸವು ಈಗ ನೀಲಗಿರಿಯ ಕನ್ನಡ ಮನೆಗಳಲ್ಲಿಯೂ ಬೆಳೆದಿದೆ. ತಮಿಳು, ಮಲಯಾಳಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಅಜ್ಜಿಯ ಕನ್ನಡವು ಪುಸ್ತಕದಲ್ಲಿ ದೊರೆಯುವಂಥದಲ್ಲ. ಆದುದರಿಂದ ಅಂತಹ ಚಿತ್ರಗಳನ್ನು ಸಂಕಲಿಸುವಾಗ ಎದುರಾಗುವ ಒಂದು ತೊಡಕನ್ನು ಕುರಿತು ವಾಚಕರೊಡನೆ ನಾಲ್ಕು ಮಾತನಾಡಲು ಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳು ಮಸಿನಗುಡಿಯ ಕಡೆಯ ವೃದ್ಧೆಯೊಬ್ಬರಿಂದ ಅವರ ಬಾಲ್ಯದ ಕಥೆಗಳನ್ನು ಹೇಳಿಸಿ ಚಿತ್ರಿಸಿಕೊಂಡರು. ಆದರೆ ಅದನ್ನು ಕಂಪ್ಯೂಟರಿನ ಸಂಕಲನ ತಂತ್ರಾಂಶದಲ್ಲಿ ತೆರೆದಾಗ ಚಿತ್ರವು ತುಸು ನಡೆಯುವುದು, ನಿಲ್ಲುವುದು, ಮತ್ತೆ ನೆಗೆಯುವುದು. "ಸಾರ್, ಅಜ್ಜಿ ಮಾತೆಲ್ಲ ಹರಿದುಹೋಗಿದೆ" ಎಂದು ಹುಡುಗಿಯೊಬ್ಬಳು ಕಣ್ಣೀರು ತಂದಳು. ಮತ್ತೊಮ್ಮೆ ಚಿತ್ರಿಸೋಣವೆಂದರೆ, ಅಷ್ಟರಲ್ಲಿ ಅಜ್ಜಿ ಕಾಲವಾಗಿದ್ದರು. ಮೂಲವೇ ಕೆಟ್ಟಿತೆಂದು ನಂಬಿ, ಮೊಬೈಲಿನಲ್ಲಿ ಜಾಗ ತೆರವು ಮಾಡಲು ಅದನ್ನು ಅಳಿಸುವುದರಲ್ಲಿದ್ದೆವು.

ಗೂಡಲೂರಿನಲ್ಲಿ ಮದುವೆಯ ವಿಡಿಯೋ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯು, "ಅಳಿಸಬೇಡಿ ಸಾರ್, ಮೊದಲು ಮೊಬೈಲಿನಲ್ಲೇ ಹಾಕಿ ನೋಡಿ" ಎಂದ. ಹಾಕಿದೆವು. ಅಜ್ಜಿ ಸರಾಗವಾಗಿ ಮಾತನಾಡಿದರು. ಕೆಟ್ಟದ್ದು ಚಿತ್ರವಲ್ಲ, ಎಡವಿದ್ದು ಕಂಪ್ಯೂಟರು.

ಇದಕ್ಕೆ ಕಾರಣವುಂಟು. ಮೊಬೈಲು ಸೆಕೆಂಡಿಗೆ 25 ಅಥವಾ 30 ಚಿತ್ರಗಳನ್ನು ತೆಗೆದರೂ ಎಲ್ಲವನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಒಂದನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದುದನ್ನು ಮಾತ್ರ ಗುರುತಿಸುತ್ತದೆ. 2003ರ ಎಚ್.264, 2013ರ ಎಚ್.265 ಪದ್ಧತಿಗಳ ಮರ್ಮ ಇದೇ. ಎರಡನೆಯದು ಅದೇ ಗುಣದ ಚಿತ್ರವನ್ನು ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅಡಗಿಸುತ್ತದೆ. ಆದರೆ ಬಿಡಿಸುವ ಶ್ರಮವೂ ಹೆಚ್ಚು. ಸಂಕಲನದಲ್ಲಿ ನಾವು ಹಿಂದಕ್ಕೂ ಮುಂದಕ್ಕೂ ಹಾರುತ್ತಿರುವಾಗ ಕಂಪ್ಯೂಟರು ಒಂದು ಚಿತ್ರವನ್ನು ತೋರಿಸಲು ಹಲವನ್ನು ಬಿಡಿಸಬೇಕಾಗುತ್ತದೆ. 4ಕೆ ಚಿತ್ರವೊಂದರಲ್ಲಿ ಸುಮಾರು 83 ಲಕ್ಷ ಬಿಂದುಗಳಿರುವಾಗ ಹಳೆಯ ಯಂತ್ರವು ತಡವರಿಸುವುದು ಸಹಜವೇ.

ಪರಿಹಾರಕ್ಕೆ ಹೊಸ ಯಂತ್ರವನ್ನೇ ಕೊಳ್ಳಬೇಕೆಂದಿಲ್ಲ. ಮೊದಲನೆಯದಾಗಿ, ಪೆನ್‌ಡ್ರೈವಿನಿಂದ ನೇರವಾಗಿ ಕೆಲಸ ಮಾಡದೆ ಕಡತವನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬೇಕು. ಬೇರೆ ತಂತ್ರಾಂಶಗಳನ್ನು ಮುಚ್ಚಬೇಕು. ಲ್ಯಾಪ್‌ಟಾಪಾದರೆ ಚಾರ್ಜಿಗೆ ಹಾಕಿರಬೇಕು. ಎರಡನೆಯದಾಗಿ, ಮುನ್ನೋಟದ ಸ್ಪಷ್ಟತೆಯನ್ನು ಅರ್ಧಕ್ಕೋ ಕಾಲಕ್ಕೋ ಇಳಿಸಬೇಕು. ಇದರಿಂದ ಕಣ್ಣೆದುರಿನ ನೋಟ ಮಸುಕಾದೀತೇ ಹೊರತು, ಸಾಮಾನ್ಯವಾಗಿ ಕೊನೆಯ ಚಿತ್ರಕ್ಕೆ ಕುಂದಿಲ್ಲ.

ಮೂರನೆಯ ಉಪಾಯವೇ ನಮ್ಮ ಕೈಹಿಡಿದದ್ದು. ಅದರ ಹೆಸರು ಪ್ರಾಕ್ಸಿ. ಶಾಟ್‌ಕಟ್, ಕೆಡೆನ್‌ಲೈವ್ ಮುಂತಾದ ಉಚಿತ ತಂತ್ರಾಂಶಗಳಲ್ಲಿಯೂ ಇದುಂಟು. ಮೂಲದ ಹಗುರವಾದ ನಕಲೊಂದನ್ನು ತಂತ್ರಾಂಶವೇ ಸಿದ್ಧಪಡಿಸುತ್ತದೆ. ಕತ್ತರಿಸುವುದು, ಜೋಡಿಸುವುದು ಆ ನಕಲಿನ ಮೇಲೆ. ಕೊನೆಗೆ ಹೊರತೆಗೆಯುವಾಗ ಮೂಲವೇ ಬಳಕೆಯಾಗುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಹೇಳುವುದು ಕಷ್ಟವಾಗಲಿಲ್ಲ: ತಿದ್ದುವುದು ಕರಡಿನಲ್ಲಿ, ಒಪ್ಪಿಸುವುದು ಶುದ್ಧ ಪ್ರತಿಯನ್ನು.

ಇಷ್ಟಾದರೂ ತುಟಿಗೂ ಮಾತಿಗೂ ಹೊಂದದಿದ್ದರೆ, ಮೊಬೈಲು ಚಿತ್ರಗಳ ವೇಗವನ್ನು ಏರಿಳಿಸಿರಬಹುದು. ಆಗ ವೇಗ ಸ್ಥಿರವಾಗಿರುವ ಮತ್ತೊಂದು ಪ್ರತಿಗೆ ಪರಿವರ್ತಿಸಿಕೊಂಡು ಕೆಲಸ ಮಾಡುವುದು ಲೇಸು.

ಯಾವ ಉಪಾಯವನ್ನು ಕೈಗೊಂಡರೂ ಮೂಲವನ್ನು ಮಾತ್ರ ಅಳಿಸಕೂಡದು. ಬೇರೆ ಬೇರೆ ಕಡೆ ಎರಡು ಪ್ರತಿಗಳಿರಲಿ. ಕಳೆದ ಶಾಲಾ ವಾರ್ಷಿಕೋತ್ಸವದಲ್ಲಿ ಅಜ್ಜಿಯ ಕಥೆಯನ್ನು ತೋರಿಸಿದಾಗ ಅವರ ಮಗ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮುಗಿದ ಮೇಲೆ ಅವರು ನಮ್ಮ ಬಳಿಗೆ ಬಂದು, "ಮೇಷ್ಟ್ರೇ, ಇನ್ನೊಮ್ಮೆ ಹಾಕಿಸಿ" ಎಂದಷ್ಟೇ ಹೇಳಿದರು. ಅವಸರದಲ್ಲಿ ಒತ್ತಬಹುದಾಗಿದ್ದ ಒಂದು ಗುಂಡಿಯನ್ನು ನೆನೆದು ನಾವು ಮೌನವಾದೆವು.