ಹಂಚಿದ್ದರಿಂದಲೇ ಉಳಿದ ಸಂಗೀತ

‘ಬಿಟ್ಟಿ ಸಿಕ್ಕರೆ ನನಗೂ ಒಂದು, ನಮ್ಮಪ್ಪನಿಗೂ ಒಂದು’ ಎಂಬ ಗಾದೆ ಹುಟ್ಟಿದ್ದು ದುರಾಸೆಯನ್ನು ಹಾಸ್ಯ ಮಾಡುವುದಕ್ಕೆ. ಆದರೆ ಯೂರೋಪು ಮತ್ತು ಅಮೆರಿಕದ ಕೆಲವು ಯುವ ಸಂಗೀತಗಾರರು ಈ ಗಾದೆಯನ್ನೇ ತಮ್ಮ ಸಂಸ್ಥೆಗಳ ನಿಯಮವಾಗಿ ಮಾಡಿಕೊಂಡರು! ತಾವು ರಚಿಸಿದ ಸಂಗೀತವನ್ನು ಯಾರು ಬೇಕಾದರೂ ಅಂತರಜಾಲದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು, ಪ್ರತಿ ಮಾಡಿ ಗೆಳೆಯರಿಗೂ ಕೊಡಬಹುದು ಎಂದು ಅವರೇ ಬರೆದುಕೊಟ್ಟರು. ಇಂಥ ಸಂಸ್ಥೆಗಳಿಗೆ ‘ನೆಟ್‌ಲೇಬಲ್’ ಎಂಬ ಹೆಸರು ಬಂತು.

ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸುತ್ತಿದ್ದ ದುಂಡನೆಯ ಚೀಟಿಯೇ ಲೇಬಲ್. ಅದರ ಮೇಲೆ ಕಂಪೆನಿಯ ಹೆಸರು ಇರುತ್ತಿದ್ದುದರಿಂದ ಕಂಪೆನಿಯನ್ನೇ ಲೇಬಲ್ ಎಂದು ಕರೆಯುವುದು ರೂಢಿಯಾಯಿತು. ನೆಟ್‌ಲೇಬಲ್‌ಗಳಲ್ಲಿ ತಟ್ಟೆ ಮಾಯವಾಯಿತು, ಚೀಟಿಯ ಹೆಸರು ಮಾತ್ರ ಉಳಿಯಿತು. ಈ ಸಂಸ್ಥೆಗಳು ಹಂಚಿದ ಸಂಗೀತದಲ್ಲಿ ‘ಮಿನಿಮಲ್ ಟೆಕ್ನೋ’ ಎಂಬ ಪ್ರಕಾರಕ್ಕೆ ದೊಡ್ಡ ಪಾಲಿದೆ. ಅದಕ್ಕೆ ಕಾರಣವೂ ಇದೆ.

ಸ್ವಲ್ಪದರಲ್ಲೇ ಸಂಗೀತ

ಟೆಕ್ನೋ ಹುಟ್ಟಿದ್ದು 1980ರ ದಶಕದ ಮಧ್ಯಭಾಗದಲ್ಲಿ, ಅಮೆರಿಕದ ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ. ಸಮೀಪದ ಬೆಲ್‌ವಿಲ್ ಎಂಬ ಪಟ್ಟಣದಲ್ಲಿ ಒಂದೇ ಶಾಲೆಯಲ್ಲಿ ಓದಿದ ಗೆಳೆಯರಾದ ವಾನ್ ಆಟ್ಕಿನ್ಸ್, ಡೆರಿಕ್ ಮೇ ಮತ್ತು ಕೆವಿನ್ ಸಾಂಡರ್‌ಸನ್ ಇದರ ಮೂಲಪುರುಷರು. ಡೋಲು ಬಾರಿಸುವವರ ಬದಲಿಗೆ ಅವರು ಜಪಾನಿನ ರೋಲ್ಯಾಂಡ್ ಕಂಪೆನಿಯ ತಾಳಯಂತ್ರಗಳನ್ನು ಬಳಸಿದರು. ಮುಂದಿನ ದಶಕದಲ್ಲಿ ಅದೇ ಊರಿನ ರಾಬರ್ಟ್ ಹುಡ್, ಬರ್ಲಿನ್ನಿನ ‘ಬೇಸಿಕ್ ಚಾನೆಲ್’ ಜೋಡಿ ಮುಂತಾದವರು ಈ ಸಂಗೀತದಿಂದ ಅನಗತ್ಯವೆನಿಸಿದ್ದನ್ನೆಲ್ಲ ತೆಗೆದುಹಾಕುತ್ತ ಹೋದರು. ಹುಡ್ ಅವರ ‘ಮಿನಿಮಲ್ ನೇಷನ್’ ಹೊರಬಂದದ್ದು 1994ರಲ್ಲಿ.

ಮಿನಿಮಲ್ ಎಂದರೆ ಕನಿಷ್ಠ. ಇದರಲ್ಲಿ ಸಾಮಾನ್ಯವಾಗಿ ಹಾಡುಗಾರರಿಲ್ಲ, ಸಾಹಿತ್ಯವಿಲ್ಲ. ನಿಮಿಷಕ್ಕೆ ಸುಮಾರು 120ರಿಂದ 130 ಪೆಟ್ಟುಗಳ ತಾಳ, ಜೊತೆಗೆ ಎರಡು ಮೂರು ಬಗೆಯ ನಾದ, ಅಷ್ಟೆ. ಮೊದಲು ಕೇಳಿದಾಗ ‘ಇದೇನು, ಒಂದೇ ಸಮನೆ ಬಡಿಯುತ್ತಿದೆಯಲ್ಲ’ ಎನಿಸುವುದು ಸಹಜ. ಆದರೆ ಕಿವಿಗೊಟ್ಟು ಕೇಳಿದರೆ ನಾದ ನಿಧಾನವಾಗಿ ಬಣ್ಣ ಬದಲಿಸುವುದು, ಒಂದು ಪೆಟ್ಟು ಕೂದಲೆಳೆಯಷ್ಟು ಹಿಂದೆ ಸರಿಯುವುದು ಗಮನಕ್ಕೆ ಬರುತ್ತದೆ. ಈ ಸಣ್ಣ ಬದಲಾವಣೆಗಳೇ ಅದರ ಸೊಗಸು.

ಇಂಥ ಸಂಗೀತವನ್ನು ಒಬ್ಬನೇ ವ್ಯಕ್ತಿ, ಒಂದೇ ಕೋಣೆಯಲ್ಲಿ, ಒಂದೇ ಕಂಪ್ಯೂಟರಿನಲ್ಲಿ ರಚಿಸಬಹುದು. ಮಾತಿಲ್ಲದ ಕಾರಣ ಭಾಷೆಯ ಗಡಿಯೂ ಇಲ್ಲ. ತೊಡಕಿದ್ದದ್ದು ಹಂಚಿಕೆಯಲ್ಲಿ. ತಟ್ಟೆ ಅಚ್ಚು ಹಾಕಿಸಬೇಕಾದರೆ ಮೊದಲು ಲೋಹದ ಪಡಿಯಚ್ಚು ಮಾಡಿಸಬೇಕು, ನೂರಾರು ಪ್ರತಿಗಳಿಗೆ ಹಣ ಕಟ್ಟಬೇಕು, ಅಂಗಡಿಗಳಿಗೆ ಸಾಗಿಸಬೇಕು. ಕೇಳುಗರು ಬೆರಳೆಣಿಕೆಯಷ್ಟಿರುವ ಸಂಗೀತಕ್ಕೆ ಈ ಖರ್ಚನ್ನು ಹಾಕುವವರು ಯಾರು?

ಲೆಕ್ಕ ಹಾಕಿ ನೋಡಿ

ಮನುಷ್ಯನ ಕಿವಿಗೆ ಕೇಳಿಸುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳ ಶಬ್ದ. ಅದನ್ನು ಅಂಕಿಗಳಲ್ಲಿ ಸರಿಯಾಗಿ ದಾಖಲಿಸಲು ಇಮ್ಮಡಿಗಿಂತ ಹೆಚ್ಚು ಬಾರಿ ಅಳೆಯಬೇಕು. ಆದ್ದರಿಂದಲೇ ಸಿ.ಡಿ. ಸೆಕೆಂಡಿಗೆ 44,100 ಬಾರಿ ಅಳೆಯುತ್ತದೆ. ಪ್ರತಿ ಅಳತೆಗೆ 16 ಬಿಟ್, ಎಡ ಬಲಗಳಿಗೆ ಎರಡು ವಾಹಿನಿ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್ ಆಯಿತು. ಆಗ ಮನೆಗಳಲ್ಲಿದ್ದ ಅತಿ ವೇಗದ ದೂರವಾಣಿ ಮೋಡೆಮ್ ಸೆಕೆಂಡಿಗೆ ಹೆಚ್ಚೆಂದರೆ 56,000 ಬಿಟ್ ತರುತ್ತಿತ್ತು. ಅಂದರೆ ಆರು ನಿಮಿಷದ ಒಂದು ರಚನೆಯನ್ನು ಇಳಿಸಿಕೊಳ್ಳಲು ಎರಡೂವರೆ ಗಂಟೆ!

ಈ ತೊಡಕಿಗೆ ಮೊದಲ ಪರಿಹಾರ ಬಂದದ್ದು ಒಂದು ತಂತ್ರಾಂಶದಿಂದ. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ‘ಅಮಿಗಾ’ ಕಂಪ್ಯೂಟರಿಗಾಗಿ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಎಂಬ ತಂತ್ರಾಂಶವನ್ನು ರೂಪಿಸಿದರು. ಇದು ಹಾಡಿನ ಪೂರ್ತಿ ಧ್ವನಿಯನ್ನು ಉಳಿಸುತ್ತಿರಲಿಲ್ಲ. ಪ್ರತಿ ವಾದ್ಯದ ಒಂದು ತುಣುಕು ಧ್ವನಿ ಮತ್ತು ಅದನ್ನು ಎಲ್ಲಿ, ಯಾವ ಸ್ವರದಲ್ಲಿ ನುಡಿಸಬೇಕೆಂಬ ಪಟ್ಟಿ, ಇಷ್ಟನ್ನೇ ಇಡುತ್ತಿತ್ತು. ಕಛೇರಿಯ ಧ್ವನಿಸುರುಳಿಯ ಬದಲು ಸ್ವರಲಿಪಿಯನ್ನೂ ವಾದ್ಯವನ್ನೂ ಕಳಿಸಿಕೊಟ್ಟಂತೆ! ಒಂದು ಫ್ಲಾಪಿಯಲ್ಲಿ ಹಲವು ರಚನೆಗಳು ಹಿಡಿಸುತ್ತಿದ್ದವು.

ಎರಡನೆಯ ಪರಿಹಾರವೇ ಎಂಪಿ3. ಜೋರಾದ ಶಬ್ದವೊಂದು ಅದರ ಆಸುಪಾಸಿನ ಮೆಲುದನಿಯನ್ನು ನುಂಗಿಬಿಡುತ್ತದೆ, ಕಿವಿಗೆ ಅದು ಕೇಳಿಸುವುದೇ ಇಲ್ಲ. ಕೇಳಿಸದ್ದನ್ನು ಉಳಿಸುವುದೇಕೆ? ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಈ ತತ್ವದ ಮೇಲೆ ದುಡಿದರು. 1995ರಲ್ಲಿ ಈ ಕಡತಗಳಿಗೆ ಎಂಪಿ3 ಎಂಬ ಹೆಸರು ಬಂತು. ಸೆಕೆಂಡಿಗೆ 1,28,000 ಬಿಟ್ ಸಾಕಾದಾಗ ಅದೇ ಆರು ನಿಮಿಷದ ರಚನೆ ಹದಿನಾಲ್ಕು ನಿಮಿಷದೊಳಗೆ ಮನೆ ತಲುಪಿತು.

ಅಮಿಗಾ ಹವ್ಯಾಸಿಗಳ ಬಳಗದಿಂದ ಬಂದ ಸೈಮನ್ ಕಾರ್ಲೆಸ್ 1996ರಲ್ಲಿ ‘ಮೊನೊಟೋನಿಕ್’ ಆರಂಭಿಸಿದರು. ಇದು ಮೊತ್ತಮೊದಲ ನೆಟ್‌ಲೇಬಲ್‌ಗಳಲ್ಲೊಂದು. 1998ರಲ್ಲಿ ಜರ್ಮನಿಯಲ್ಲಿ ಸೆಬಾಸ್ಟಿಯನ್ ರೆಡೆನ್ಸ್ ಕಟ್ಟಿದ ‘ಥಿನ್ನರ್’ ಮಿನಿಮಲ್ ಟೆಕ್ನೋಗೆ ಹೆಸರಾಯಿತು.

ಕೊಟ್ಟದ್ದು ಬೇರೆ, ಕದ್ದದ್ದು ಬೇರೆ

ಅದೇ ಕಾಲಕ್ಕೆ, 1999ರಲ್ಲಿ, ‘ನ್ಯಾಪ್‌ಸ್ಟರ್’ ಬಂತು. ಅದರಲ್ಲೂ ಹಾಡುಗಳು ಉಚಿತವೇ. ಆದರೆ ಹಾಡಿನ ಒಡೆಯರನ್ನು ಯಾರೂ ಕೇಳಿರಲಿಲ್ಲ. ಮೊಕದ್ದಮೆಗಳ ಫಲವಾಗಿ 2001ರಲ್ಲಿ ಅದರ ಸೇವೆ ನಿಂತಿತು. ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಈ ಎರಡು ‘ಉಚಿತ’ಗಳ ನಡುವಿನ ವ್ಯತ್ಯಾಸ ಒಂದೇ: ಅನುಮತಿ.

ಅನುಮತಿಯನ್ನು ಬರವಣಿಗೆಯಲ್ಲಿ ಕೊಡುವ ಸುಲಭ ವಿಧಾನ ಆಗ ಇರಲಿಲ್ಲ. ಕೃತಿ ರಚನೆಯಾದ ಕ್ಷಣದಿಂದಲೇ ಕರ್ತೃವಿಗೆ ಹಕ್ಕು ಬರುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಡಿಯೂ ನೋಂದಣಿ ಕಡ್ಡಾಯವಲ್ಲ. ಆದ್ದರಿಂದ ಕರ್ತೃ ಸುಮ್ಮನಿದ್ದಾನೆಂದರೆ ಒಪ್ಪಿದ್ದಾನೆ ಎಂದರ್ಥವಲ್ಲ. ಲಾರೆನ್ಸ್ ಲೆಸ್ಸಿಗ್ ಮತ್ತಿತರರು 2001ರಲ್ಲಿ ಸ್ಥಾಪಿಸಿದ ‘ಕ್ರಿಯೇಟಿವ್ ಕಾಮನ್ಸ್’ 2002ರ ಡಿಸೆಂಬರಿನಲ್ಲಿ ಸಿದ್ಧ ಪರವಾನಗಿಗಳನ್ನು ಪ್ರಕಟಿಸಿತು. ಕರ್ತೃವಿನ ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ತಿದ್ದಬಾರದು. ಇಂಥ ಷರತ್ತುಗಳಲ್ಲಿ ಬೇಕಾದುದನ್ನು ಆರಿಸಿಕೊಂಡು ಉಳಿದಂತೆ ಪ್ರತಿ ಮಾಡಲು ಬಿಡಬಹುದು. ಥಿನ್ನರ್ ಸೇರಿದಂತೆ ಅನೇಕ ನೆಟ್‌ಲೇಬಲ್‌ಗಳು ಇದನ್ನು ಅಪ್ಪಿಕೊಂಡವು.

ಬಾಗಿಲು ಮುಚ್ಚಿದ ಮೇಲೆ

ಇದರಿಂದ ಸಂಗೀತಗಾರರ ಹೊಟ್ಟೆ ತುಂಬಿತೇ? ಇಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೆಲವರಿಗೆ ಹೆಸರು ಬಂತು; ಥಿನ್ನರ್ ಮೂಲಕ ಪರಿಚಿತರಾದ ಮಾರ್ಕೊ ಫ್ಯೂರ್‌ಸ್ಟೆನ್‌ಬರ್ಗ್ ಅವರ ಸಂಗೀತ ಗಾನತಟ್ಟೆಗಳಲ್ಲೂ ಬಂತು. ಆದರೆ ಉಚಿತ ಹಂಚಿಕೆಯೇ ಎಲ್ಲರಿಗೂ ಜೀವನೋಪಾಯವಾಗಲಿಲ್ಲ. 2008ರ ಹೊತ್ತಿಗೆ ಸೌಂಡ್‌ಕ್ಲೌಡ್, ಬ್ಯಾಂಡ್‌ಕ್ಯಾಂಪ್, ಸ್ಪಾಟಿಫೈ ಬಂದವು. ಯಾರು ಬೇಕಾದರೂ ತಮ್ಮ ಸಂಗೀತವನ್ನು ತಾವೇ ಪ್ರಕಟಿಸಬಹುದಾದಾಗ ನೆಟ್‌ಲೇಬಲ್‌ಗಳ ಅಗತ್ಯ ಕಡಿಮೆಯಾಯಿತು. ಮೊನೊಟೋನಿಕ್ 2009ರಲ್ಲಿ ನಿಂತಿತು. ಇನ್ನೂ ಅನೇಕವು ಸದ್ದಿಲ್ಲದೆ ಕಣ್ಮರೆಯಾದವು.

ಹಾಗಾದರೆ ಸಂಗೀತವೂ ಅಳಿಯಿತೇ? ಇಲ್ಲಿಯೇ ಸ್ವಾರಸ್ಯವಿರುವುದು. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ ‘ಇಂಟರ್‌ನೆಟ್ ಆರ್ಕೈವ್’ ಎಂಬ ಗ್ರಂಥಭಂಡಾರದಲ್ಲಿ ನೆಟ್‌ಲೇಬಲ್‌ಗಳಿಗೆಂದೇ ಒಂದು ವಿಭಾಗವಿದೆ. ಸಾವಿರಾರು ಧ್ವನಿಮುದ್ರಿಕೆಗಳು ಅಲ್ಲಿ ಇಂದಿಗೂ ಸಿಗುತ್ತವೆ. ಪ್ರತಿ ಮಾಡಲು ಮೊದಲೇ ಅನುಮತಿ ಇದ್ದುದರಿಂದ ಅವನ್ನು ಇಟ್ಟುಕೊಳ್ಳಲು ಯಾರ ಸಹಿಗೂ ಕಾಯಬೇಕಾಗಲಿಲ್ಲ. ಬೀಗ ಹಾಕಿ ಮಾರಿದ ಕಂಪೆನಿ ಮುಚ್ಚಿಹೋದರೆ, ಅದರ ಹಾಡನ್ನು ಮತ್ತೆ ಪ್ರಕಟಿಸುವ ಹಕ್ಕು ಯಾರದೆಂದು ಹುಡುಕುವುದೇ ದೊಡ್ಡ ಕೆಲಸ. ಹಂಚಿದ್ದು ಉಳಿಯಿತು! ಹಾಗೆಂದು ಒಂದೇ ಕಣಜವನ್ನು ನಂಬಿ ಕೂರುವಂತಿಲ್ಲ. 2024ರ ಅಕ್ಟೋಬರಿನಲ್ಲಿ ಇದೇ ಆರ್ಕೈವ್ ಸೈಬರ್ ದಾಳಿಗೆ ತುತ್ತಾಗಿ ಹಲವು ದಿನ ಸ್ಥಗಿತಗೊಂಡಿತ್ತು. ಕೇಳುಗರ ಮನೆಗಳಲ್ಲಿರುವ ಪ್ರತಿಗಳ ಬೆಲೆ ಗೊತ್ತಾಗುವುದು ಇಂಥ ಹೊತ್ತಿನಲ್ಲೇ.

ಮಕ್ಕಳು ಅಂತರಜಾಲದಿಂದ ಹಾಡು, ಚಿತ್ರ, ಪುಸ್ತಕ ಇಳಿಸಿಕೊಳ್ಳುವಾಗ ‘ಇದಕ್ಕೆಷ್ಟು?’ ಎಂದು ಪೋಷಕರು ವಿಚಾರಿಸುವುದುಂಟು. ‘ಇದನ್ನು ಕೊಟ್ಟವರು ಯಾರು? ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ?’ ಎಂಬ ಪ್ರಶ್ನೆಗಳನ್ನೂ ಜೊತೆಗೆ ಕೇಳುವುದು ಒಳ್ಳೆಯದು. ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ನೀವೇ ಬರೆದ ಚಿತ್ರವನ್ನೋ ಕಟ್ಟಿದ ರಾಗವನ್ನೋ ನಾಲ್ಕು ಜನರ ಮುಂದಿಡುವಾಗ, ಅದನ್ನು ಇತರರು ಏನು ಮಾಡಬಹುದು, ಏನು ಮಾಡಬಾರದು ಎಂದು ಕೆಳಗೆ ಒಂದು ಸಾಲು ಬರೆದುಬಿಡಿ. ನಿಮ್ಮ ಕೆಲಸವನ್ನು ಮುಂದೆ ಯಾರಾದರೂ ಜೋಪಾನ ಮಾಡಲು ಆ ಒಂದು ಸಾಲೇ ದಾರಿಯಾದೀತು.